ನಿಂತ ಹಾಡಿನ ಮುಂದಿನ ಸಾಲು

ರಾಮಮ್ಮನವರ ಮಾತು ನಿಂತುಹೋದದ್ದು ಎರಡು ಸಾವಿರದ ಆರನೇ ಇಸವಿಯ ದೀಪಾವಳಿ ಕಳೆದ ಮರುದಿನ. ಹಿತ್ತಲಲ್ಲಿ ಕುಳಿತು ಹಿತ್ತಾಳೆ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದವರು ಹಾಗೇ ಬಲಕ್ಕೆ ವಾಲಿಕೊಂಡರು; ಲಕ್ವ ಹೊಡೆದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದು ಪಿರಿಯಾಪಟ್ಟಣದ ಮನೆಗೆ ಮರಳುವ ಹೊತ್ತಿಗೆ ಗೋಡೆ ಹಿಡಿದು ನಡೆಯುವಷ್ಟು ಕಾಲು ಬಂದಿತ್ತು. ಬಾಯಿ ಮಾತ್ರ ಬರಲಿಲ್ಲ. ನೀರು ಬೇಕಾದರೂ "ಅದು", ಹೊದಿಕೆ ಬೇಕಾದರೂ "ಅದು", ಸಿಟ್ಟು ಬಂದರೂ "ಅದು". ಹೇಳಬೇಕಾದದ್ದು ಒಳಗೆಲ್ಲ ಇದೆ, ಹೊರಗೆ ಬರುವ ದಾರಿ ಮಾತ್ರ ಮುಚ್ಚಿದೆ ಎಂಬುದು ಅವರ ಕಣ್ಣು ನೋಡಿದರೇ ಸೊಸೆ ಸುಧಾಗೆ ಗೊತ್ತಾಗುತ್ತಿತ್ತು.

ಆಸ್ಪತ್ರೆಯಿಂದ ಕಳಿಸುವಾಗ ಅಲ್ಲಿನ ಡಾಕ್ಟರಮ್ಮ ಒಂದು ಮಾತು ಹೇಳಿದ್ದರು. "ಮಾತು ಕಟ್ಟಿದೋರಿಗೆ ಕೆಲವು ಸಲ ಹಾಡು ಕಟ್ಟಿರೋದಿಲ್ಲ. ಅವರಿಗೆ ಚೆನ್ನಾಗಿ ಗೊತ್ತಿರೋ ಹಾಡುಗಳನ್ನ ದಿನಾ ಕೇಳಿಸಿ. ಆತುರ ಮಾಡಬೇಡಿ."

ಹಾಡಿಗೆ ಆ ಮನೆಯಲ್ಲಿ ಬರವಿರಲಿಲ್ಲ. ರಾಮಮ್ಮ ಹೊಸ ಅಗ್ರಹಾರದ ಕಡೆಯ ಸೋಬಾನೆ ಹಾಡುಗಾರ್ತಿ. ಅವರೂ ಅವರ ಗೆಳತಿ ಕುಳ್ಳಮ್ಮನೂ ಇಲ್ಲದೆ ಸುತ್ತಿನ ಹಳ್ಳಿಗಳಲ್ಲಿ ಮದುಮಕ್ಕಳನ್ನು ಹಸೆಗೆ ಕೂರಿಸುತ್ತಿರಲಿಲ್ಲ. ಕುಳ್ಳಮ್ಮ ಒಂದು ಸಾಲು ಎತ್ತಿಕೊಟ್ಟರೆ ರಾಮಮ್ಮ ಅದರ ಜೋಡಿ ಸಾಲನ್ನು ಹಾಡುವರು. ಕುಳ್ಳಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆದರೆ ರಾಮಮ್ಮನ ಮಗ ನಟರಾಜು ಕಾಲೇಜಿನಲ್ಲಿದ್ದಾಗಿನಿಂದಲೂ ಮದುವೆಮನೆಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಇಬ್ಬರ ಹಾಡನ್ನೂ ಕ್ಯಾಸೆಟ್ಟಿಗೆ ತುಂಬಿಸಿದ್ದ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾದ ಮೇಲೆ, ಹಿಂದಿನ ವರ್ಷದ ಬೇಸಿಗೆ ರಜೆಯಲ್ಲಿ ಅಷ್ಟನ್ನೂ ಕಂಪ್ಯೂಟರಿಗೆ ಏರಿಸಿದ್ದ. ಇನ್ನೂರ ಹದಿಮೂರು ಹಾಡು.

ಆ ಕಂಪ್ಯೂಟರ್ ಇದ್ದದ್ದು ಮುಂದಿನ ಕೋಣೆಯಲ್ಲಿ. ಅವ್ವನ ಕೋಣೆಗೆಂದು ನಟರಾಜು ಇನ್ನೊಂದು ಹಳೆಯ ಕಂಪ್ಯೂಟರ್ ತಂದ. ಅದರ ಹೊಟ್ಟೆ ಚಿಕ್ಕದು, ಅಷ್ಟು ಹಾಡು ಹಿಡಿಸುತ್ತಿರಲಿಲ್ಲ. ಅದಕ್ಕೇ ಎರಡರ ನಡುವೆ ಒಂದು ನೀಲಿ ವೈರು ಎಳೆದು, ಯಾವುದೋ ಪತ್ರಿಕೆಯ ಜೊತೆ ಬಂದ ಸೀಡಿಯಲ್ಲಿದ್ದ ಮ್ಯೂಸಿಕ್ ಸರ್ವರ್ ಎಂಬ ಸಾಫ್ಟ್‌ವೇರನ್ನು ಮುಂದಿನ ಕೋಣೆಯದಕ್ಕೆ ಹಾಕಿದ. ಹಾಡುಗಳೆಲ್ಲ ಇಲ್ಲೇ ಇರುತ್ತವೆ, ಅಲ್ಲಿ ಕೇಳಿದ್ದನ್ನು ಇದು ವೈರಿನಲ್ಲಿ ಕಳಿಸಿಕೊಡುತ್ತದೆ. ಸುಧಾಗೆ ಅದನ್ನು ಶುರುಮಾಡುವುದು, ನಿಲ್ಲಿಸುವುದು ಎರಡನ್ನೂ ತೋರಿಸಿಕೊಟ್ಟು, ಎಚ್.ಡಿ. ಕೋಟೆಗೆ ನಿಯೋಜನೆಯಾಗಿದ್ದ ನಟರಾಜು ಸೋಮವಾರದ ಬಸ್ಸು ಹತ್ತಿದ. ಇನ್ನು ಬರುವುದು ಶನಿವಾರವೇ.

ಮೊದಲ ಎರಡು ದಿನ ಹಾಡು ಸರಾಗವಾಗಿ ಬಂತು. ರಾಮಮ್ಮ ಕಣ್ಣು ಮುಚ್ಚಿ ಕೇಳಿದರು. ಮೂರನೆಯ ದಿನ ಹಾಡಿನ ನಡುವೆ ಗಪ್ಪನೆ ಸದ್ದು ನಿಂತಿತು. ಸುಧಾ ಮುಂದಿನ ಕೋಣೆಗೆ ಓಡಿ ನೋಡಿದರೆ, ಹಾಡಿನ ಪಟ್ಟಿಯನ್ನು ಮೊದಲಿನಿಂದ ಮಾಡುತ್ತಿದ್ದೇನೆ ಎಂಬರ್ಥದ ಇಂಗ್ಲಿಷ್ ಸಾಲೊಂದು ಪರದೆಯ ಮೇಲೆ ಕೂತಿತ್ತು. ಅರ್ಧ ಗಂಟೆ ಕಾದರೂ ಕದಲಲಿಲ್ಲ. ಆರಿಸಿ ಹಾಕಿದಳು. ಎರಡು ಹಾಡು ಬಂತು, ಮತ್ತೆ ನಿಂತಿತು.

ಅಲ್ಲಿಂದ ಒಂದು ತಿಂಗಳು ಇದೇ ಪಾಡು. ಒಂದು ದಿನ ಚೆನ್ನಾಗಿ ಹಾಡುವುದು, ಮರುದಿನ ಮುಷ್ಕರ. ಫೋನಿನಲ್ಲಿ ನಟರಾಜು, "ವೈರು ಸಡಿಲ ಆಗೈತಾ ನೋಡು" ಅಂದ. ಬಿಗಿಮಾಡಿದಳು. ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಚಂದುವನ್ನು ಕರೆಸಿದಳು.

"ವೈರಸ್ ಕಣಕ್ಕ," ಅಂದ ಚಂದು. "ಎಲ್ಲ ಅಳಿಸಿ ಹೊಸದಾಗಿ ಹಾಕ್ತೀನಿ, ಸರಿಯೋಯ್ತದೆ."

"ಹಾಡು ಅಳಿಸೋಗಲ್ವೇನಪ್ಪ?"

"ಹಾಡಿಗೇನೂ ಆಗಲ್ಲ ಬುಡಕ್ಕ."

ಹಾಡಿಗೇನೂ ಆಗಲಿಲ್ಲ. ಆದರೆ ರೋಗವೂ ಹೋಗಲಿಲ್ಲ. ಎರಡು ದಿನ ಸರಿಯಿದ್ದು ಮೂರನೆಯ ದಿನ ಅದೇ ಹಳೆಯ ಚಾಳಿ. ಚಂದು ವೈರು ಬದಲಿಸಿದ, ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದ, ಕೊನೆಗೆ, "ಪುಗಸಟ್ಟೆ ಸಾಫ್ಟ್‌ವೇರು ಅಂದ್ರೆ ಇಷ್ಟೆಯ ಕಣಕ್ಕ" ಅಂದು ಕೈಚೆಲ್ಲಿದ. ಹಾಡು ನಿಂತಾಗಲೆಲ್ಲ ರಾಮಮ್ಮ ಎಡಗೈ ಎತ್ತಿ ಬಾಗಿಲ ಕಡೆ ತೋರಿಸಿ "ಅದು, ಅದು" ಅನ್ನುವರು. ಸುಧಾಗೆ ತಾನೇ ಏನೋ ತಪ್ಪು ಮಾಡಿದೆನೆಂಬ ಹಾಗೆ ಸಂಕಟವಾಗುತ್ತಿತ್ತು.

ಪಿಯುಸಿ ಓದಿದ್ದ ಅವಳಿಗೆ ಕಂಪ್ಯೂಟರಿನ ಒಳಗುಟ್ಟು ಗೊತ್ತಿರಲಿಲ್ಲ. ಆದರೆ ಕಾಯಿಲೆ ಬಿದ್ದವರ ಜ್ವರ ಯಾವ ಹೊತ್ತಿಗೆ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ಗುರುತಿಟ್ಟುಕೊಳ್ಳುವುದು ಗೊತ್ತಿತ್ತು. ಹಾಗೆಯೇ ಹಳೆಯ ಡೈರಿಯೊಂದರಲ್ಲಿ ಬರೆಯತೊಡಗಿದಳು: ಇವತ್ತು ಹಾಡಿತು, ಇವತ್ತು ನಿಂತಿತು, ಎಷ್ಟು ಗಂಟೆಗೆ ನಿಂತಿತು, ಅದಕ್ಕೆ ಮುಂಚೆ ಏನಾಗಿತ್ತು. ಎರಡು ವಾರವಾಗುವಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೆಳಿಗ್ಗೆ ಕರೆಂಟು ತೆಗೆದ ದಿನವೇ ಹಾಡು ನಿಲ್ಲುತ್ತಿತ್ತು. ಅವಳೇನೋ ಕರೆಂಟು ತೆಗೆಯುವ ಹೊತ್ತಿಗೆ ಮುಂಚೆಯೇ ಕ್ರಮವಾಗಿ ಆರಿಸಿಟ್ಟಿರುತ್ತಿದ್ದಳು. ಆದರೂ ಆ ದಿನ ಹಾಡು ನಿಂತೇ ನಿಲ್ಲುತ್ತಿತ್ತು. ಇನ್ನೊಂದು ಸಂಗತಿ, ಅಂಥ ದಿನ ಮುಂದಿನ ಕೋಣೆಯ ಪರದೆಯ ಮೂಲೆಯಲ್ಲಿ ತಾರೀಖು ತಪ್ಪಿರುತ್ತಿತ್ತು. ಎರಡು ಸಾವಿರದ ಎರಡನೇ ಇಸವಿ, ಜನವರಿ ಒಂದು. ಅದನ್ನೂ ಬರೆದುಕೊಂಡಳು. ಅರ್ಥ ಮಾತ್ರ ಆಗಲಿಲ್ಲ.

ಅಂಥದೇ ಒಂದು ದಿನ, ಸೊಗಡವರೆಯ ಕಾಲ. ಸುಧಾ ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಕುಳಿತು ನೆನೆದ ಕಾಳು ಹಿದುಕುತ್ತಿದ್ದಳು. ಹಾಡು ಬರುತ್ತಿತ್ತು. ಕುಳ್ಳಮ್ಮನ ಗಟ್ಟಿ ಗಂಟಲು ಎತ್ತಿಕೊಟ್ಟಿತು:

"ಹಟ್ಟಿಯ ಬಾಗಿಲಿಗೆ ಹೊಸ ಸೊಸೆ ಬಂದವಳೆ..."

ಅಷ್ಟಕ್ಕೆ ಸದ್ದು ನಿಂತಿತು. ಇದರ ಮನೆ ಹಾಳಾಗ ಎಂದುಕೊಂಡು ಸುಧಾ ಏಳಲು ನೆಲಕ್ಕೆ ಕೈಯೂರಿದಳು. ಆಗ ಮಂಚದ ಮೇಲಿಂದ, ಸಣ್ಣಗೆ, ತುಸು ತೊದಲಿಕೊಂಡು, ಆದರೆ ಒಂದು ಅಕ್ಷರವೂ ಬಿಡದೆ ಬಂತು:

"ಬಟ್ಟಲಲಿ ಹಾಲು ತನ್ನಿರವ್ವ."

ಸುಧಾ ಏಳಲು ಹೊರಟವಳು ಹಾಗೇ ಕುಳಿತಳು. ರಾಮಮ್ಮ ಸೂರನ್ನು ನೋಡುತ್ತಿದ್ದರು. ತಾವು ಹಾಡಿದ್ದು ಅವರಿಗೇ ಗೊತ್ತಾದಂತಿರಲಿಲ್ಲ. ಒಂದು ಗಳಿಗೆಯ ಮೇಲೆ ಗೊತ್ತಾಯಿತು. ಎಡಗೈಯಿಂದ ತುಟಿ ಮುಟ್ಟಿ ನೋಡಿಕೊಂಡರು. ಸೊಸೆಯ ಕಡೆ ತಿರುಗಿ "ಅದು" ಅಂದರು, ಅತ್ತರು. ಸುಧಾಳ ಬೆರಳಲ್ಲೆಲ್ಲ ಅವರೆಯ ಸಿಪ್ಪೆ. ಅದೇ ಕೈಯಲ್ಲಿ ಅತ್ತೆಯ ಕೈ ಹಿಡಿದುಕೊಂಡು ಕುಳಿತಳು.

ಹಾಡು ಕೇಳಿಸಿದ್ದರ ಫಲ ಇದು, ಇನ್ನು ಒಂದು ದಿನವೂ ತಪ್ಪಬಾರದು ಎಂದು ಅವಳಿಗೆ ಹಟ ಬಂತು.

ಮಾರನೆಯ ದಿನ ಅತ್ತೆಯ ಕೋಣೆಯ ಗೋಡೆ ಗಡಿಯಾರ ನಿಂತಿತ್ತು. ಮಾತ್ರೆ ಕೊಡುವ ಹೊತ್ತು ತಪ್ಪಬಾರದೆಂದು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಚು ರಿಪೇರಿಯ ಸಿದ್ದಮಲ್ಲಪ್ಪನವರ ಅಂಗಡಿಗೆ ಹೋದಳು. ಎಪ್ಪತ್ತರ ಹತ್ತಿರದ ಸಿದ್ದಮಲ್ಲಪ್ಪನವರು ಕಣ್ಣಿಗೆ ಸಿಕ್ಕಿಸಿದ್ದ ಕರಿಯ ಭೂತಗನ್ನಡಿಯನ್ನು ತೆಗೆದು, "ನಿಮ್ಮತ್ತೆ ಎಂಗವ್ರವ್ವ ಈಗ?" ಎಂದು ವಿಚಾರಿಸಿದರು. ಹಿಂದಿನ ದಿನ ನಡೆದದ್ದನ್ನು ಸುಧಾ ಹೇಳಿದಳು. ಹೇಳುತ್ತಾ ಹೇಳುತ್ತಾ ಕಂಪ್ಯೂಟರಿನ ಗೋಳೂ ಬಂತು, ಕರೆಂಟು ಹೋದರೆ ತಾರೀಖು ತಪ್ಪುವ ಮಾತೂ ಬಂತು.

"ನಾನು ಆ ಪೆಟ್ಟಿಗೆ ಮುಟ್ದೋನಲ್ಲ," ಅಂದರು ಸಿದ್ದಮಲ್ಲಪ್ಪ. "ಆದ್ರೆ ಒಂದು ಕೇಳ್ತೀನಿ. ಕರೆಂಟು ಇಲ್ದಾಗ ಅದಕ್ಕೆ ತಾರೀಖು ಯಾರು ಹೇಳ್ಕೊಡ್ತಾರೆ?"

"ಯಾರೂ ಇಲ್ಲ. ಅದೇ ನೆನಪಿಟ್ಕೋಬೇಕು."

"ಅಂದ್ಮೇಲೆ ಒಳಗೆ ಒಂದು ಗಡಿಯಾರ ಐತೆ ಅಂತಾಯ್ತು. ಗಡಿಯಾರ ಇದ್ಮೇಲೆ ಸೆಲ್ಲು ಇರ್ಲೇಬೇಕು ಕಣವ್ವ. ನಿಂದು ಸೆಲ್ಲು ಸತ್ತೋಗೈತೆ. ಬಿಚ್ಚಿ ನೋಡು. ಬಿಲ್ಲೆ ಥರ ಇರ್ತದೆ."

ಸುಧಾ ಮನೆಗೆ ಬಂದು ಮುಂದಿನ ಕೋಣೆಯ ಕಂಪ್ಯೂಟರಿನ ಪ್ಲಗ್ ಕಿತ್ತಳು. ಗಂಡನ ಸ್ಕ್ರೂಡ್ರೈವರ್ ತಂದು ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದಳು. ಒಳಗೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಮೂಲೆಯಂತೆ ಧೂಳು ಕಟ್ಟಿತ್ತು. ಸೀರೆಯ ಚುಂಗಿನಿಂದ ಒರೆಸಿದಳು. ಅಡಿಯಲ್ಲಿ ಬೆಳ್ಳಿಯ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಹೊಳೆಯಿತು. ಪಕ್ಕದ ಕೊಕ್ಕೆಯನ್ನು ಉಗುರಿನಿಂದ ಒತ್ತಿದ ಕೂಡಲೇ ಅದು ಟಕ್ಕನೆ ಮೇಲಕ್ಕೆ ಹಾರಿತು.

ಅಂಗಡಿಗೆ ಒಯ್ದಾಗ ಸಿದ್ದಮಲ್ಲಪ್ಪ ಅದನ್ನು ಮೀಟರಿಗೆ ಹಿಡಿದು ನೋಡಿ ತಲೆಯಾಡಿಸಿದರು. "ಪ್ರಾಣ ಹೋಗಿ ಎಷ್ಟು ಕಾಲ ಆಯ್ತೋ." ತಮ್ಮ ಡಬ್ಬಿಯನ್ನೆಲ್ಲ ತಡಕಿ ಅದೇ ಅಳತೆಯ ಹೊಸದೊಂದನ್ನು ಹುಡುಕಿ ಕೊಟ್ಟರು. ಹೊಳೆಯುವ ಮೈ ಮೇಲೆ ಬರಬೇಕು ಎಂದೂ ಹೇಳಿದರು.

ಅದನ್ನು ಕೂರಿಸಿ, ತಾರೀಖು ಸರಿಮಾಡಿದಳು. ಮಾರನೆಯ ಬೆಳಿಗ್ಗೆ ಮೂರು ಗಂಟೆ ಕಾಲ ಕರೆಂಟು ಇರಲಿಲ್ಲ. ಬಂದ ಮೇಲೆ ಹಾಕಿದರೆ ತಾರೀಖು ಸರಿಯಾಗಿಯೇ ಇತ್ತು. ಆವತ್ತು ಸಂಜೆಯವರೆಗೆ ಹಾಡು ಒಮ್ಮೆಯೂ ನಿಲ್ಲಲಿಲ್ಲ. ಶನಿವಾರ ಬಂದ ನಟರಾಜು ಡೈರಿಯನ್ನು ಮೊದಲಿಂದ ಕೊನೆಯವರೆಗೆ ಓದಿದ.

"ಈಗ ಗೊತ್ತಾಯ್ತು," ಅಂದ. "ಕರೆಂಟು ಹೋದಾಗೆಲ್ಲ ಇದು ಇಸವಿ ಎರಡು ಸಾವಿರದ ಎರಡು ಅಂದ್ಕೋತಿತ್ತು. ಹಾಡು ನೋಡಿದ್ರೆ ಎರಡು ಸಾವಿರದ ಐದರಲ್ಲಿ ಏರಿಸಿದವು. ಇನ್ನೂ ಹುಟ್ಟದ ಹಾಡು ಎಲ್ಲಿಂದ ಬಂದವು ಅಂತ ಗಾಬರಿ ಬಿದ್ದು ಎಲ್ಲಾನೂ ಮತ್ತೆ ಎಣಿಸೋಕೆ ಕೂರ್ತಿತ್ತು. ಎಣಿಸ್ತಾ ಹಾಡೋದು ಮರೀತಿತ್ತು, ಎಣಿಸಿ ಮುಗಿದ್ಮೇಲೆ ಮತ್ತೆ ಕರೆಂಟು ಹೋಗೋವರ್ಗೂ ಹಾಡ್ತಿತ್ತು. ಆ ಸಾಫ್ಟ್‌ವೇರ್ ಬರೆದೋನ ಬೈದಿದ್ದೇ ಬಂತು." ಡೈರಿ ಮುಚ್ಚಿಟ್ಟು, "ನನ್ ಕೈಲಿ ಆಗ್ತಿರ್ಲಿಲ್ಲ ಕಣೆ ಇದು" ಎಂದ. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಆ ಬಾಯಿಂದ ಅಂಥ ಮಾತು ಕೇಳಿದ್ದು ಕಡಿಮೆ.

ಮುಂದಿನ ಒಂದು ವಾರ ಹಾಡು ಹೊಳೆಯ ಹಾಗೆ ಹರಿಯಿತು. ಆದರೆ ರಾಮಮ್ಮ ಸುಮ್ಮನಾಗಿಬಿಟ್ಟರು. ಕಣ್ಣು ಮುಚ್ಚಿ ಕೇಳುವರು, ಒಮ್ಮೊಮ್ಮೆ ನಿದ್ದೆ ಹೋಗುವರು. ಹಟ್ಟಿಯ ಬಾಗಿಲ ಹಾಡು ನಾಲ್ಕು ಸಲ ಬಂತು, ಅವರ ತುಟಿ ಅಲುಗಲಿಲ್ಲ. ಆವತ್ತು ಕೇಳಿದ್ದು ನನ್ನ ಭ್ರಮೆಯೋ ಏನೋ ಎಂದು ಸುಧಾಗೆ ಅನುಮಾನ ಬರತೊಡಗಿತು.

ಒಂದು ಮಧ್ಯಾಹ್ನ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಾ ಅವಳು ಹಾಡನ್ನು ಗಮನವಿಟ್ಟು ಕೇಳಿದಳು. ಕುಳ್ಳಮ್ಮ ಒಂದು ಸಾಲು ಎತ್ತಿಕೊಡುತ್ತಾಳೆ. ಜೋಡಿ ಸಾಲಿಗೆ ರಾಮಮ್ಮನ ಹಳೆಯ ಗಂಟಲು ತಟ್ಟನೆ ಬರುತ್ತದೆ. ಮತ್ತೆ ಕುಳ್ಳಮ್ಮ, ಮತ್ತೆ ರಾಮಮ್ಮ. ಸುಧಾಳ ಕೈ ನಿಂತಿತು. ಕ್ಯಾಸೆಟ್ಟಿನ ರಾಮಮ್ಮನೇ ಎಲ್ಲ ಸಾಲನ್ನೂ ಹಾಡಿಬಿಟ್ಟರೆ ಮಂಚದ ಮೇಲಿನ ರಾಮಮ್ಮನಿಗೆ ಉಳಿಯುವುದೇನು? ಆವತ್ತು ಹಾಡು ಕೈಕೊಟ್ಟದ್ದರಿಂದಲೇ ಅತ್ತೆಗೆ ಸರದಿ ಸಿಕ್ಕಿತ್ತು.

ಅವಳು ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಅಲ್ಲಿದ್ದ ಕಂಪ್ಯೂಟರಿನ ಮುಂದೆ ಕುಳಿತಳು. ಕುಳ್ಳಮ್ಮನ ಗಂಟಲು ಬಂತು:

"ಕೆರೆಯೇರಿ ಮ್ಯಾಲೆ ಕರಿಯೆತ್ತು ಬತ್ತಾವೆ..."

ಸುಧಾ ಗುಂಡಿ ಒತ್ತಿ ಹಾಡು ನಿಲ್ಲಿಸಿದಳು. ಹಿಂತಿರುಗಿ ನೋಡಲಿಲ್ಲ. ಬೀದಿಯಲ್ಲಿ ಹೊಗೆಸೊಪ್ಪಿನ ಹರಾಜಿಗೆ ಹೊರಟ ಟ್ರ್ಯಾಕ್ಟರೊಂದು ದಾಟಿ ಹೋಯಿತು. ಅದರ ಸದ್ದು ಅಡಗಿದ ಮೇಲೂ ಏನೂ ಇಲ್ಲ. ಇನ್ನು ಸಾಕು, ಹಾಕಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದಿನಿಂದ ಬಂತು:

"ಗೆರಸೀಲಿ... ಕಡ್ಲೆ... ತನ್ನಿರವ್ವ."

ಅಂದಿನಿಂದ ದಿನಕ್ಕೆ ಐದಾರು ಹಾಡು, ಒಂದೊಂದು ಸಾಲಿಗೂ ನಿಲುಗಡೆ. ಬಾರದ ಸಾಲುಗಳೂ ಬೇಕಾದಷ್ಟಿದ್ದವು. ಬಾರದಿದ್ದರೆ ಸುಧಾ ಬಲವಂತ ಮಾಡದೆ ಕ್ಯಾಸೆಟ್ಟಿನ ರಾಮಮ್ಮನಿಂದ ಹಾಡಿಸಿ ಮುಂದಕ್ಕೆ ಹೋಗುವಳು. ಸಂಕ್ರಾಂತಿಯ ಹೊತ್ತಿಗೆ ಹಾಡಿನೊಳಗಿನ ಕೆಲವು ಮಾತು ಕಳಚಿಕೊಂಡು ಹೊರಗೂ ಬಂದವು. ಹಾಲು ಬೇಕಾದಾಗ ರಾಮಮ್ಮ ಹಾಲು ಅಂದರು. ಬಾಗಿಲು ತೆಗೆಯಬೇಕಾದಾಗ ಬಾಗಿಲು ಅಂದರು. ಮೈಸೂರಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಹೀಗೇ ನಡೆಸಿ, ಇದನ್ನ ಯಾರು ಹೇಳಿಕೊಟ್ಟರು ನಿಮಗೆ?" ಎಂದು ಕೇಳಿದರು. ಕೆಟ್ಟ ಕಂಪ್ಯೂಟರ್ ಎಂದು ಹೇಳಲು ನಾಚಿಕೆಯಾಗಿ ಸುಧಾ ನಕ್ಕುಬಿಟ್ಟಳು.

ಊರಿಗೆ ಬಂದ ಮರುದಿನ ಹಿದಕಬೇಳೆ ಸಾರು ಮಾಡಿ, ಮುದ್ದೆಯ ಜೊತೆ ಡಬ್ಬಿಗೆ ಹಾಕಿಕೊಂಡು ಸಿದ್ದಮಲ್ಲಪ್ಪನವರ ಅಂಗಡಿಗೆ ಹೋದಳು. ಎಷ್ಟೋ ಮಾತು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದಳು. ಅಲ್ಲಿ "ನಿಮ್ಮಿಂದ ನಮ್ಮತ್ತೆ..." ಎಂದಷ್ಟೇ ಅಂದು ಡಬ್ಬಿಯನ್ನು ಮುಂದಿಟ್ಟಳು.

"ನಾನೇನ್ ಮಾಡ್ದೆ? ಸೆಲ್ಲು ಕೊಟ್ಟೆ ಅಷ್ಟೆಯ," ಅಂದರು ಸಿದ್ದಮಲ್ಲಪ್ಪ. ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಸೊಗಡು ಚೆನ್ನಾಗೈತೆ ಕಣವ್ವ" ಎಂದರು.

ಆ ವಾರದ ಶನಿವಾರ, ಕೋಟೆಯಿಂದ ಬಂದ ನಟರಾಜು ಜಗಲಿಯ ಕೆಳಗೆ ಚಪ್ಪಲಿ ಬಿಡುತ್ತಿದ್ದ. ಬಿಸಿಲು ಕಾಯಿಸಿಕೊಳ್ಳುತ್ತ ಜಗಲಿಯ ಮೇಲೆ ಕುಳಿತಿದ್ದ ರಾಮಮ್ಮ ಮಗನನ್ನು ನೋಡಿದರು. ಹಾಡಿರಲಿಲ್ಲ, ಎತ್ತಿಕೊಡುವವರಿರಲಿಲ್ಲ. ಅವರು ಉಸಿರು ಹಿಡಿದು, ತುಟಿ ಕೂಡಿಸಿ, "ಉಂಡ್ಯಾ ಮಗಾ?" ಅಂದರು.

ಒಂದು ಕಾಲಿನ ಚಪ್ಪಲಿ ಇನ್ನೂ ಕಾಲಲ್ಲೇ ಇತ್ತು. ನಟರಾಜು ಹಾಗೇ ನಿಂತ. "ಇಲ್ಲ ಕಣವ್ವ," ಅಂದ, "ಈಗ ಉಣ್ತೀನಿ."

ಒಳಗಿದ್ದ ಸುಧಾ ತಟ್ಟೆ ಹಾಕಿದಳು. ಅವನು ಉಣ್ಣುವಾಗ ಅವ್ವ ಎದುರಿಗೆ ಬಂದು ಕುಳಿತರು. ಮುದ್ದೆ ಮುರಿಯುವ ಮೊದಲು "ಉಂಡ್ಯಾ ಮಗಾ?" ಅಂದರು. ಸಾರು ಬಡಿಸುವಾಗ ಇನ್ನೊಮ್ಮೆ ಅಂದರು. ಕೈ ತೊಳೆದು ಬಂದ ಮೇಲೂ ಕೇಳಿದರು. ಅವನು ಪ್ರತಿ ಸಲವೂ, ಅದೇ ಮೊದಲ ಸಲ ಕೇಳಿದ್ದೆಂಬಂತೆ, ಅವ್ವನ ಮುಖ ನೋಡಿ ಉತ್ತರ ಹೇಳಿದ.