ಕೆಂಪು ಸಿಲಿಂಡರಿನ ಚೀಟಿ

ನಮ್ಮ ಮನೆಯವರಿಗೆ ಸಿಟ್ಟು ಬರುತ್ತಿದ್ದುದು ವರ್ಷಕ್ಕೊಮ್ಮೆ, ಅದೂ ದಸರೆಯ ಮರುದಿನ. ಖಂಡೆಪೂಜೆಗೆ ಬ್ಯಾಡಗಿಯ ನಮ್ಮ ಖಾನಾವಳಿಯಲ್ಲಿ ಒಲೆ, ಗ್ರೈಂಡರ್, ಈಳಿಗೆ ಎಲ್ಲಕ್ಕೂ ಪೂಜೆಯಾಗುತ್ತದೆ. ಗೋಡೆಗೆ ನೇತುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರೊಂದನ್ನೇ ಬಿಡಲು ನನಗೆ ಮನಸ್ಸಾಗುತ್ತಿರಲಿಲ್ಲ. ಅದರ ನೆತ್ತಿಯ ಗುಂಡು ಗಾಜಿಗೆ ವಿಭೂತಿ ಬಳಿದು ಕುಂಕುಮ ಇಡುತ್ತಿದ್ದೆ, ಹಿಡಿಕೆಗೂ ಅದರ ಪಿನ್ನಿಗೂ ದಾರ ಸುತ್ತಿ ಚೆಂಡುಹೂವಿನ ಮಾಲೆ ಹಾಕುತ್ತಿದ್ದೆ. ಒಳಗಿನ ಒತ್ತಡ ತೋರಿಸುವ ಮುಳ್ಳು ಇರುವುದು ಆ ಗಾಜಿನ ಹಿಂದೆಯೇ. ಮುಳ್ಳು ಹಸಿರು ಬಣ್ಣದ ಮೇಲಿದ್ದರೆ ಸಿಲಿಂಡರು ಸರಿಯಿದೆ, ಕೆಂಪಿಗೆ ಇಳಿದರೆ ಕೆಲಸಕ್ಕೆ ಬಾರದು. ಅವರು ಗೊಣಗುತ್ತಾ ಗಾಜು ಒರೆಸಿ, ದಾರ ಕತ್ತರಿಸಿ, ಕಣ್ಣಿಗೇ ಬೂದಿ ಬಳಿದರೆ ಅದು ನೋಡುವುದು ಹೇಗೆ ಎಂದು ಕೇಳುತ್ತಿದ್ದರು. ಮುಂದಿನ ವರ್ಷ ನಾನು ಬೇಕೆಂದೇ ಇನ್ನಷ್ಟು ದಪ್ಪಗೆ ಬಳಿಯುತ್ತಿದ್ದೆ. ಅವರಿಂದ ಬೈಸಿಕೊಳ್ಳುವುದೂ ನನಗೊಂದು ಸುಖವಾಗಿತ್ತು.

ಅವರ ಕಸುಬೇ ಅದು. ರಾಣೆಬೆನ್ನೂರಿನಲ್ಲಿ ಶಾಬುದ್ದೀನಣ್ಣನ ಜೊತೆ ಪಾಲಿನಲ್ಲಿ ಒಂದು ಸಣ್ಣ ಅಂಗಡಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹೋಟೆಲುಗಳ ಸಿಲಿಂಡರು ಬಿಚ್ಚಿ, ಹಳೆಯ ಪುಡಿ ಸುರುವಿ, ಹೊಸದು ತುಂಬಿ, ಕೊರಳಿಗೆ ಚೀಟಿ ಕಟ್ಟುವುದು. ಹೋಟೆಲಿನವರೋ ಅದಕ್ಕೆ ಅಂಗಿ, ಟವೆಲ್ಲು ನೇತುಹಾಕುವವರು. ಇವರ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಓಡಿಹೋಗಿ ತೆಗೆಯುವವರು.

೨೦೦೩ರ ದಸರೆಯ ಮರುದಿನ ನಮ್ಮದನ್ನು ತುಂಬಿಕೊಟ್ಟರು. ಆ ಡಿಸೆಂಬರಿನಲ್ಲಿ ಹಾವೇರಿಯ ಒಂದು ಹೋಟೆಲಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ.

ಚೀಟಿ ಮಾತ್ರ ಸಿಲಿಂಡರಿನ ಕೊರಳಲ್ಲಿ ಉಳಿಯಿತು. ತುಂಬಿದ ತಾರೀಖು, ಮತ್ತೆ ತುಂಬಬೇಕಾದ ತಾರೀಖು, ಕೆಳಗೆ ದುಂಡಗೆ ಬರೆದ ಹೆಸರು: ಸಿದ್ದಲಿಂಗೇಶ. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಹದಿನೆಂಟು ವರ್ಷ ಸಂಸಾರ ಮಾಡಿದರೂ ನಾನು ಅದನ್ನು ಹೇಳಿದ್ದು ಮದುವೆಯ ದಿನ ಒಡಪಿನ ಪದ್ಯದೊಳಗೆ ಸೇರಿಸಿ, ಅದೂ ಹೆಂಗಸರು ಕಾಡಿದ್ದಕ್ಕೆ. ಓದುವುದಕ್ಕೇನು ಅಡ್ಡಿ? ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ಸಿಲಿಂಡರಿನ ಧೂಳು ಒರೆಸುವ ನೆಪದಲ್ಲಿ ಮೆಲ್ಲಗೆ ಬಾಯಿಬಿಟ್ಟು ಓದುತ್ತಿದ್ದೆ. ದಿನದಲ್ಲಿ ಅದೊಂದು ಗಳಿಗೆಗಾಗಿ ನಾನು ಉಳಿದದ್ದನ್ನೆಲ್ಲ ಮಾಡುತ್ತಿದ್ದೆ.

ಮರುವರ್ಷ ಶಾಬುದ್ದೀನಣ್ಣ ತುಂಬಲು ಬಂದ. ರೊಟ್ಟಿ ಊಟ ಹಾಕಿ, ಮುಂದಿನ ವಾರ ನೋಡೋಣ ಎಂದು ಕಳಿಸಿದೆ. ಅದರ ಮರುವರ್ಷವೂ ಹಾಗೇ ಮಾಡಿದೆ. ಮೂರನೆಯ ಸಲ ಅವನಿಗೆ ಅರ್ಥವಾಗಿತ್ತು. ಚೀಟಿ ಬಿಚ್ಚಿ ಕೊಡುತ್ತೇನೆ, ದೇವರ ಜಗಲಿಯ ಮೇಲೆ ಇಟ್ಟುಕೊಳ್ಳಿ, ಪುಡಿಯನ್ನಾದರೂ ಬದಲಿಸಲು ಬಿಡಿ ಎಂದ. ಪುಡಿ ತುಂಬಿದ ಕೈ ಯಾರದು, ಆ ತಿರುಪು ಬಿಗಿದ ಕೈ ಯಾರದು? ನಾನು ಒಪ್ಪಲಿಲ್ಲ. ಖಂಡೆಪೂಜೆ ಮಾತ್ರ ತಪ್ಪಿಸಲಿಲ್ಲ. ಒರೆಸುವವರಿಲ್ಲದೆ ಗಾಜಿನ ಮೇಲೆ ವಿಭೂತಿ, ಕುಂಕುಮ ಪದರು ಪದರಾಗಿ ಕೂತವು. ಮುಳ್ಳು ಎಲ್ಲಿದೆಯೆಂದು ನಾನು ಒಮ್ಮೆಯೂ ಕೆರೆದು ನೋಡಲಿಲ್ಲ. ನೋಡಲು ಹೆದರಿಕೆಯಿತ್ತು ಎಂದು ಈಗ ಹೇಳಬಲ್ಲೆ.

೨೦೦೭ರ ಫೆಬ್ರುವರಿ. ಮೆಣಸಿನಕಾಯಿ ಸುಗ್ಗಿ, ಮಾರುಕಟ್ಟೆಗೆ ಬಂದ ರೈತರಿಂದ ಖಾನಾವಳಿ ತುಂಬಿತ್ತು. ಅಡುಗೆಯ ಜಯವ್ವ ಮಿರ್ಚಿ ಕರಿಯುತ್ತಿದ್ದಾಗ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತು. ಅವಳು ಹೆದರಿ ಓಡುವ ಹೆಣ್ಣಲ್ಲ. ಸಿಲಿಂಡರು ಇಳಿಸಿಕೊಂಡು ಒಲೆಯ ಎದುರು ನಿಂತಳು. ಪಿನ್ನಿಗೆ ನಾನು ಸುತ್ತಿದ ಮೂರು ವರ್ಷದ ದಾರ. ಅದನ್ನು ಹಲ್ಲಿನಿಂದ ಹರಿದು ಪಿನ್ನು ಕಿತ್ತು ಹಿಡಿಕೆ ಒತ್ತಿದಳು. ಒಂದು ಚಿಟಿಕೆ ಬಿಳಿ ಪುಡಿ ಉದುರಿತು, ಅಷ್ಟೇ. ಉರಿ ಅವಳ ಬಲಗೈಯನ್ನು ಮೊಣಕೈವರೆಗೆ ನೆಕ್ಕಿತು. ಊಟಕ್ಕೆ ಕುಳಿತಿದ್ದವರು ಓಡಿಬಂದು ಒದ್ದೆ ಗೋಣಿಚೀಲ ಹಾಕಿ ಬಾಣಲೆ ಮುಚ್ಚಿದರು.

ಆಸ್ಪತ್ರೆಯಲ್ಲಿ ಜಯವ್ವ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ತನಗೆ ಒತ್ತಲು ಬರಲಿಲ್ಲವಂತೆ, ಕಲಿತವರಾಗಿದ್ದರೆ ಆರಿಸುತ್ತಿದ್ದರಂತೆ. ಸುಮ್ಮನಿದ್ದುಬಿಟ್ಟರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಎರಡು ದಿನ ಸುಮ್ಮನೇ ಇದ್ದೆ ಕೂಡ. ಮೂರನೆಯ ದಿನ ಅವಳ ಬಾಯಿಗೆ ಗಂಜಿ ಹಾಕುತ್ತಾ ಎಲ್ಲ ಹೇಳಿದೆ. ಅವಳು ಚಮಚ ಸರಿಸಿದಳು.

"ಅಕ್ಕಾರ, ಅವ್ರ ಕೈ ಉಳಿಸ್ಕೊಳ್ಳಾಕ ನನ್ನ ಕೈ ಸುಟ್ರಿ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು. ಸಿಲಿಂಡರು ತುಂಬುವ ತನಕ ಆ ಅಡುಗೆಮನೆಗೆ ಕಾಲಿಡುವುದಿಲ್ಲವೆಂದು ಆ ಸಂಜೆ ತನ್ನ ಮಗಳ ಕೈಯಲ್ಲಿ ಹೇಳಿಕಳಿಸಿದಳು. ಎಂದೂ ಕಾಲಿಡದಿದ್ದರೂ ನಾನು ತಪ್ಪೆನ್ನುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಸಿಲಿಂಡರನ್ನು ನಾನೇ ರಾಣೆಬೆನ್ನೂರಿಗೆ ಒಯ್ದೆ. ಶಾಬುದ್ದೀನಣ್ಣ ಅದನ್ನು ಮೇಜಿನ ಮೇಲೆ ನಿಲ್ಲಿಸಿದ. ಒದ್ದೆ ಬಟ್ಟೆಯಿಂದ ಗಾಜು ಉಜ್ಜಿದ. ಮುಳ್ಳು ಕೆಂಪಿನ ತುದಿಗೆ ಬಿದ್ದಿತ್ತು. ತಿರುಪು ಬಿಚ್ಚಿ ತಲೆಕೆಳಗೆ ಮಾಡಿ ತಟ್ಟಿದರೆ ಪುಡಿ ಬೀಳಲಿಲ್ಲ. ಮಳೆಗಾಲದ ಉಪ್ಪಿನ ಹಾಗೆ ಹೆಂಟೆಗಟ್ಟಿತ್ತು. ಕಬ್ಬಿಣದ ಕಡ್ಡಿ ಹಾಕಿ ಕುಟ್ಟಿ ಕುಟ್ಟಿ ತೆಗೆದ. ಆ ಹೆಂಟೆಗಳು ಬುಟ್ಟಿಗೆ ಬೀಳುವುದನ್ನು ನೋಡಲಾಗದೆ ನಾನು ಅವನ ಕೈ ಹಿಡಿದುಕೊಂಡೆ.

"ವೈನಿ, ಸಿದ್ದಲಿಂಗೇಶ ತಾ ತುಂಬಿದ್ದನ್ನ ತಾನ ವರ್ಷಾ ವರ್ಷಾ ಸುರುವತಿದ್ದ," ಎಂದ ಶಾಬುದ್ದೀನಣ್ಣ. "ಒಂದ ದಿನಾನೂ ತಿರುಗಿ ನೋಡಿದಾವಲ್ಲ."

ಕೈ ಬಿಟ್ಟೆ. ಅವನು ಹೊಸ ಪುಡಿ ತುಂಬಿ, ಒತ್ತಡ ಹಾಕಿ, ತನ್ನ ಹೆಸರು ಬರೆದು ಚೀಟಿ ಕಟ್ಟಿದ. ಹಳೆಯದನ್ನು ಮಡಚಿ ನನ್ನ ಚೀಲದಲ್ಲಿಟ್ಟ.

ಬಸ್ಸಿನಲ್ಲಿ ಸಿಲಿಂಡರನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದ ಸೀಟಿನ ಹೆಂಗಸು ಹೊಸದೇನ್ರಿ ಎಂದು ಕೇಳಿದಳು. ಡಬ್ಬಿ ಹಳೆಯದು, ಒಳಗಿನದೆಲ್ಲ ಹೊಸದು ಎಂದೆ. ಅಷ್ಟು ಹೇಳಿ ಮುಗಿಸುವುದರೊಳಗೆ ಅಳು ಒತ್ತರಿಸಿ ಬಂತು. ಮೂರು ವರ್ಷ ಬಾರದ ಅಳು ಅದು, ಮೋಟೆಬೆನ್ನೂರು ದಾಟಿದರೂ ನಿಲ್ಲಲಿಲ್ಲ.