ಕಸವಲ್ಲದ ಹರಳು

ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದಾಗ ಹೊಳೆಯಿತು: ನಿನ್ನೆ ಸಲ್ಲಿಸಿದ ಘೋಷಣಾ ಪತ್ರದಲ್ಲಿ ಹೊಸ ಮಾಲನ್ನು ನಾನು ಕಸವೆಂದು ಬರೆದಿದ್ದೇನೆ.

ಹೊರದೇಶದಿಂದ ಬರುವ ಸರಕಿಗೆ ಕಸ್ಟಮ್ಸ್ ಕಾಗದಪತ್ರ ಮಾಡಿಕೊಡುವ ಕಚೇರಿ ನಮ್ಮದು. ನಾನು ಸೇರಿ ಮೂರು ತಿಂಗಳು. ಈ ಸಲದ ಕಂಟೇನರಿನಲ್ಲಿ ಬಂದದ್ದು ನೀರಿನ ಪೈಪು ಮಾಡುವ ಪ್ಲಾಸ್ಟಿಕ್ ಹರಳು. ಜತೆಗಿದ್ದ ಕಾಗದದಲ್ಲಿ ‘ಆಫ್ ಗ್ರೇಡ್’ ಎಂದಿತ್ತು. ಬಣ್ಣ ತುಸು ಮಂಕು, ಮೊದಲ ದರ್ಜೆಗೆ ನಿಲ್ಲುವುದಿಲ್ಲ, ಅಷ್ಟೇ. ಕಸ್ಟಮ್ಸ್ ಲೆಕ್ಕದಲ್ಲಿ ಪ್ರತಿ ಸರಕಿಗೂ ಒಂದು ಕೋಡ್ ಸಂಖ್ಯೆ ಇರುತ್ತದೆ; ನಾನು ಇದನ್ನು ಪ್ಲಾಸ್ಟಿಕ್ ತ್ಯಾಜ್ಯದ ಕೋಡಿಗೆ ತಳ್ಳಿಬಿಟ್ಟಿದ್ದೆ. ತ್ಯಾಜ್ಯ ತರಿಸಲು ಬೇರೆಯೇ ಪರವಾನಗಿ ಬೇಕು. ಪೈಪಿನ ಕಾರ್ಖಾನೆಯವರ ಬಳಿ ಅದಿಲ್ಲ. ಕಂಟೇನರ್ ಬಂದ ದಾರಿ ಹಿಡಿಯಬೇಕಾಗುತ್ತದೆ. ಅವರ ಯಂತ್ರಗಳು ಮಾಲಿಲ್ಲದೆ ಆಗಲೇ ಎರಡು ದಿನದಿಂದ ನಿಂತಿದ್ದವು.

ಕಚೇರಿಯ ಹಿರಿಯರನ್ನು ನಾವೆಲ್ಲ ಕೋಡಕ್ಕ ಎನ್ನುತ್ತೇವೆ. ಸಾವಿರಾರು ಕೋಡು ಅವರ ನಾಲಿಗೆ ತುದಿಯಲ್ಲಿವೆ. ಕಚೇರಿ ತಲುಪಿದವಳೇ ಅವರ ಬಳಿ ಹೋದೆ.

“ಅಕ್ಕಾ, ಒಂದು ತಪ್ಪಾಗಿದೆ.”

“ಜೋರಾಗಿ ಹೇಳೇ. ನಿನ್ನ ಗಂಟಲಿಗೂ ಪರವಾನಗಿ ಬೇಕಾ?”

ಹೇಳಿದೆ. ಅವರು ಕನ್ನಡಕ ಏರಿಸಿ ಪರದೆ ನೋಡಿದರು.

“ಅಯ್ಯೋ ತಾಯಿ, ಚಿನ್ನದಂಥ ಮಾಲನ್ನ ಗುಡಿಸಿ ಹಾಕಿದೀಯಲ್ಲೇ! ಕಸ್ಟಮ್ಸ್ ಸಾಹೇಬ್ರು ಇನ್ನೂ ಫೈಲು ತೆಗೆದಿಲ್ಲ. ನಾವಾಗೇ ಹೋದ್ರೆ ಅದು ತಿದ್ದುಪಡಿ, ಅವ್ರೇ ಹಿಡಿದ್ರೆ ಬೇರೆ ಕಥೆ. ಅಳೋದಿದ್ರೆ ಬಂದ್ಮೇಲೆ ಅಳು. ಕೆಳಗೆ ನಿಂತಿರು, ಒಂದು ಫೋನ್ ಮಾಡಿ ಬರ್ತೀನಿ.”

ಕಸ್ಟಮ್ಸ್ ಅಧಿಕಾರಿಯ ಮೇಜಿನ ಮುಂದೆ ಅವರೇ ಮಾತಾಡುತ್ತಾರೆಂದು ನಂಬಿ ಹಿಂದೆ ನಿಂತಿದ್ದೆ. ಅವರೋ, “ಸಾರ್, ಈ ಫೈಲು ಇವಳದ್ದು, ಇವಳೇ ಹೇಳ್ತಾಳೆ,” ಎಂದು ಹೊರಗೆ ಹೋಗಿ ಬೆಂಚಿನಲ್ಲಿ ಕೂತರು.

ಅಧಿಕಾರಿ ನಮ್ಮ ತಿದ್ದುಪಡಿ ಅರ್ಜಿ ಓದಿ ತಲೆಯೆತ್ತಿದರು. “ನಿನ್ನೆ ಕಸ, ಇವತ್ತು ಹೊಸ ಮಾಲು. ರಾತ್ರೋರಾತ್ರಿ ತೊಳೆದ್ರೇನಮ್ಮಾ?”

ಫೈಲಿನ ಜತೆ ತಂದಿದ್ದ ಹರಳಿನ ಮಾದರಿ ಪೊಟ್ಟಣವನ್ನು ಬಿಳಿ ಹಾಳೆಯ ಮೇಲೆ ಸುರಿದೆ. ಮೆಣಸಿನ ಕಾಳಿನಷ್ಟು ದಪ್ಪದ ಹರಳುಗಳು ಉರುಳಿ ನಿಂತವು. ಅವುಗಳನ್ನೇ ನೋಡುತ್ತ ಶುರುಮಾಡಿದೆ.

“ಹಳೇ ಸಾಮಾನು ಒಡೆದ ಚೂರಾಗಿದ್ರೆ ಒಂದೊಂದೂ ಒಂದೊಂದು ಥರ ಇರ್ತಿತ್ತು ಸಾರ್. ಇದೆಲ್ಲಾ ಒಂದೇ ಅಳತೆ, ಒಂದೇ ಪ್ಲಾಸ್ಟಿಕ್ಕು. ತಯಾರಕರ ಪರೀಕ್ಷಾ ಪತ್ರನೂ ಇದೆ. ಆಫ್ ಗ್ರೇಡ್ ಅಂದ್ರೆ ತ್ಯಾಜ್ಯ ಅಂದ್ಕೊಂಡಿದ್ದು ನನ್ನ ತಪ್ಪು.”

“ನಿಮ್ಮದೇ?”

“ನಂದೇ ಸಾರ್.”

“ಪರವಾಗಿಲ್ವೇ! ಇಲ್ಲಿಗೆ ಬರೋರೆಲ್ಲ ತಪ್ಪನ್ನ ಕಂಪ್ಯೂಟರ್ ಮೇಲೆ ಹಾಕ್ತಾರೆ.” ಕಂಟೇನರ್ ತೆರೆದು ನೋಡಿ, ಮಾಲು ಹೊಂದಿದರೆ ತಿದ್ದಬಹುದು ಎಂದು ಬರೆದು ಸಹಿ ಹಾಕಿದರು. ಮಧ್ಯಾಹ್ನ ತೆರೆದರು, ಹೊಂದಿತು. ನಾಲ್ಕು ಗಂಟೆಗೆ ಲಾರಿ ಗೇಟು ದಾಟಿತು.

ಸಂಜೆ ಕಾರ್ಖಾನೆಯ ಒಡತಿ ಫೋನ್ ಮಾಡಿದರು. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ತಪ್ಪು ನನ್ನದೇ, ಕ್ಷಮಿಸಿ ಎಂದೆ.

“ಗೊತ್ತು ಬಿಡಮ್ಮ. ಬೆಳಿಗ್ಗೆನೇ ನಿಮ್ಮ ಅಕ್ಕ ಫೋನ್ ಮಾಡಿದ್ರು. ಹೀಗೀಗಾಗಿದೆ, ನಮ್ಮ ಹುಡುಗಿ ಹೋಗಿ ಸರಿ ಮಾಡಿಸ್ಕೊಂಡು ಬರ್ತಾಳೆ, ನೀವು ಯಂತ್ರಕ್ಕೆ ಎಣ್ಣೆ ಹಾಕಿಟ್ಕೊಳ್ಳಿ ಅಂದ್ರು.”

ತಿರುಗಿ ನೋಡಿದೆ. ಕೋಡಕ್ಕ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು. ಹತ್ತಿರ ಹೋಗಿ ನಿಂತೆ. ಕಣ್ಣು ತುಂಬಿಬಂತು.

“ಹ್ಞೂಂ, ಈಗ ಅಳು,” ಎಂದು ಬಿಸ್ಕತ್ತಿನ ಪೊಟ್ಟಣವನ್ನು ನನ್ನ ಕಡೆ ಸರಿಸಿದರು.