ಇರುವೆ ಮುತ್ತಿದ ಶುಭಾಶಯ

ನಮ್ಮ ರಾಣೆಬೆನ್ನೂರಿನಲ್ಲಿ ಬಿತ್ತನೆ ಬೀಜಕ್ಕೆ ಬರವಿಲ್ಲ, ಮಾತಿಗಂತೂ ಎಂದೂ ಬರವಿಲ್ಲ. ಆದರೆ ಈ ಸಲ ಸಂಕ್ರಾಂತಿಗೆ ಎಂಟು ದಿನ ಇರುವಾಗ ಊರಿನಲ್ಲಿ ವೈರಿಗಳಿಗೆ ಬರ ಬಂತು. ಅದಕ್ಕೆ ಕಾರಣ ನಮ್ಮ ಓಣಿಯ ಮಹಿಳಾ ಮಂಡಳದ ಅಧ್ಯಕ್ಷೆ ಸುಚಿತ್ರಾ.

ಸುಚಿತ್ರಾಗೆ ವರ್ಷಕ್ಕೊಮ್ಮೆ ಸಂಸ್ಕೃತಿ ಉಳಿಸುವ ಹುಕಿ ಬರುತ್ತದೆ. ಹೋದ ವರ್ಷ ಬೀಸುವ ಕಲ್ಲನ್ನು ಉಳಿಸಿದಳು. ಅದನ್ನು ವೇದಿಕೆಗೆ ಹೊತ್ತವರ ಸೊಂಟ ಮಾತ್ರ ಉಳಿಯಲಿಲ್ಲ. ಈ ವರ್ಷ ಕೈಯಿಂದ ಮಾಡಿದ ಸಂಕ್ರಾಂತಿ ಕಾರ್ಡಿನ ಸರದಿ. ನಾವು ಸಣ್ಣವರಿದ್ದಾಗ ಬಣ್ಣದ ಕಾಗದದ ಕಾರ್ಡಿಗೆ ಸಕ್ಕರೆ ಕಟ್ಟಿದ ಬಿಳಿ ಕುಸುರೆಳ್ಳಿನ ಪುಟ್ಟ ಪೊಟ್ಟಣ ಅಂಟಿಸಿ ಗೆಳತಿಯರಿಗೆ ಹಂಚುತ್ತಿದ್ದೆವು, ದೂರದವರಿಗೆ ಅಂಚೆಗೆ ಹಾಕುತ್ತಿದ್ದೆವು. ಈಗ ಎಲ್ಲವೂ ಫೋನಿನಲ್ಲೇ ಮುಗಿದುಹೋಗುತ್ತದೆ. ಹಾಗಾಗಿ ಸ್ಪರ್ಧೆ.

“ನಿಯಮ ಮೂರ ಅದಾವ್ರಿ” ಎಂದಳು ಸುಚಿತ್ರಾ, ಮಂಡಳದ ಸಭೆಯಲ್ಲಿ ಎದ್ದು ನಿಂತು. “ಕಾರ್ಡು ಕೈಲೇ ಮಾಡಿದ್ದಿರಬೇಕು. ಅದರಾಗ ಕುಸುರೆಳ್ಳು ಇರಬೇಕು. ಮತ್ತ ಅದನ್ನ ನಿಮ್ಮ ಜೋಡಿ ಮಾತು ಬಿಟ್ಟವರಿಗೆ ಕೊಟ್ಟು, ಹಿಂದ ಅವರ ಸಹಿ ಹಾಕಿಸಿಕೊಂಡು ಬರಬೇಕು. ಎಳ್ಳು ಬೆಲ್ಲ ತಗೊಂಡು ಒಳ್ಳೇ ಮಾತಾಡೋಣು ಅಂತ ಬರೇ ಬಾಯಿಲೇ ಅಂದರ ಹೆಂಗ? ದಾಖಲೆ ಬೇಕಲ್ಲ?”

“ಹಂಗಾರ ಕಾರ್ಡು ಅವರ ಕಡೇನ ಇರತೈತೇನ್ರಿ?” ಎಂದು ನಾನು ಕೇಳಿದೆ.

“ಛೇ, ಪ್ರದರ್ಶನಕ್ಕ ಬೇಕಲ್ಲ ಮೀನಾಕ್ಷಿ! ಸಹಿ ಆದ ಮ್ಯಾಲ ವಾಪಸ್ ಇಸ್ಕೊಂಡು ಬರಬೇಕು.”

ಕೊಟ್ಟು ಕಸಿದುಕೊಳ್ಳುವ ಶುಭಾಶಯವನ್ನು ನಾನು ಅವತ್ತೇ ಮೊದಲು ಕೇಳಿದ್ದು. ಆದರೂ ಬಾಯಿ ಮುಚ್ಚಿಕೊಂಡು ಕೂತೆ. ಮೊದಲ ಬಹುಮಾನ ಮಿಕ್ಸರ್ ಇತ್ತು.

ಮರುದಿನದಿಂದ ಶುರುವಾಯಿತು ವೈರಿಗಳ ಹುಡುಕಾಟ. ನಮ್ಮ ಎದುರು ಮನೆಯ ಪುಷ್ಪಲತಾ ಮತ್ತು ಸುನಿತಾ ಒಂದೇ ಗೋಡೆಯ ಆಚೆ ಈಚೆ ಇರುವವರು, ಹೆಪ್ಪಿನಿಂದ ಹಿಡಿದು ಒಗ್ಗರಣೆಯವರೆಗೆ ಒಬ್ಬರದು ಇನ್ನೊಬ್ಬರ ಮನೆಗೆ. ಪಾಪ, ಅವರಿಗೆ ಮಾತು ಬಿಟ್ಟವರು ಯಾರೂ ಇಲ್ಲ. ಸೋಮವಾರ ನಳದ ಮುಂದೆ ಜಗಳವಾಡುವುದು, ಗುರುವಾರ ಕಾರ್ಡು ಕೊಟ್ಟು ಒಂದಾಗುವುದು ಎಂದು ಮಾತಾಯಿತು. ಜಗಳ ಚೆನ್ನಾಗಿಯೇ ನಡೆಯಿತು. ಆದರೆ ನಡುವೆ ಸುನಿತಾ ಪುಷ್ಪಲತಾಳ ಸಾರಿನ ಬಗ್ಗೆ ಒಂದು ಖರೇ ಮಾತು ಆಡಿಬಿಟ್ಟಳು. ಈಗ ಇಬ್ಬರೂ ಖರೇನೇ ಮಾತು ಬಿಟ್ಟಿದ್ದಾರೆ, ಕಾರ್ಡು ಎರಡೂ ಮನೆಯಲ್ಲೇ ಇವೆ.

ಉಳಿದವರು ಕೊತ್ತಂಬರಿ ಮಾರುವ ಫಕ್ಕೀರವ್ವನ ಬುಟ್ಟಿಯ ಮುಂದೆ ಹೋಗಿ ನಿಂತರು. ಫಕ್ಕೀರವ್ವನ ಬೈಗುಳ ತಿನ್ನದವರು ನಮ್ಮ ಓಣಿಯಲ್ಲಿ ಯಾರಿದ್ದಾರೆ? ಹನ್ನೊಂದು ಜನ ಹೆಂಗಸರು ಆಕೆಯನ್ನೇ ವೈರಿ ಎಂದು ಬರೆಸಿದ್ದರು.

“ಸಾಲು ಹಚ್ಚರಿ, ನೂಕಬ್ಯಾಡ್ರಿ” ಎಂದಳು ಮುದುಕಿ, ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡು. “ನನ್ನ ಕಡಿಂದ ಬೈಸ್ಕೊಂಡದ್ದು ನೆನಪಿಲ್ಲದವರು ಈಗ ಬೈಸ್ಕೊಂಡು ಹೋಗ್ರಿ.” ಒಬ್ಬೊಬ್ಬರ ಮುಖ ನೋಡಿ, ಒಂದೊಂದು ಮಾತು ಬೈದು, ಹನ್ನೊಂದು ಹೆಬ್ಬೆಟ್ಟು ಒತ್ತಿದಳು. ನಾನು ಕಿಟಕಿಯಲ್ಲಿ ನಿಂತು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಕಾರ್ಡಿನ ಕಥೆಯೂ ಅಷ್ಟೇ. ಕೈಸರನ ಸ್ಟೇಷನರಿ ಅಂಗಡಿಗೆ ಅಂಟು ತರಲು ಹೋದರೆ, ಕೈಯಿಂದ ಮಾಡಿದ ಕಾರ್ಡುಗಳನ್ನು ಡಜನ್ ಲೆಕ್ಕದಲ್ಲಿ ನೇತುಹಾಕಿದ್ದ. “ಇವು ಯಾರ ಕೈಲೇ ಮಾಡಿದ್ದಪಾ?” ಎಂದೆ.

“ಯಾರದರ ಕೈ ಇರತೈತಲ್ರಿ ಅಕ್ಕಾರ. ನಿಮ್ಮದ ಕೈ ಆಗಬೇಕು ಅಂತ ನಿಯಮದಾಗ ಎಲ್ಲಿ ಐತಿ?” ಎಂದು ಥರ್ಮೊಕೋಲಿನ ಬಿಳಿ ಗುಂಡುಗಳ ಚೀಲ ತೋರಿಸಿದ. “ಕುಸುರೆಳ್ಳು ಬೇಕಾದರ ಇವ ಅದಾವ. ಕೆಡೂದಿಲ್ಲ, ಬರೋ ವರ್ಷಕ್ಕೂ ನಡೀತಾವ.”

ನನಗೆ ಅವನ ಕಾರ್ಡೂ ಬೇಕಿರಲಿಲ್ಲ, ಫಕ್ಕೀರವ್ವನ ಹೆಬ್ಬೆಟ್ಟೂ ಬೇಕಿರಲಿಲ್ಲ. ಇಡೀ ಊರಿನಲ್ಲಿ ನಾಲ್ಕು ವರ್ಷ ಹಳೆಯ ಅಪ್ಪಟ ವೈರಿ ಇದ್ದವಳು ನಾನೊಬ್ಬಳೇ. ಬ್ಯಾಡಗಿಗೆ ಕೊಟ್ಟ ನನ್ನ ಸ್ವಂತ ತಂಗಿ ಶೀಲಾ.

ಕಾರಣ ಹೇಳುತ್ತೇನೆ, ನೀವೇ ನ್ಯಾಯ ಹೇಳಿ. ಶೀಲಾಳ ಮಗಳ ಲಗ್ನಪತ್ರಿಕೆಯಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಎಂದು ನಲವತ್ತಮೂರು ಹೆಸರುಗಳಿದ್ದವು. ಮೆಣಸಿನಕಾಯಿ ದಲಾಲರ ಹೆಸರಿತ್ತು, ಹಲ್ಲು ಬಾರದ ಕೂಸಿನ ಹೆಸರಿತ್ತು, ತೀರಿಕೊಂಡ ಇಬ್ಬರ ಹೆಸರೂ ಇತ್ತು. ಇಲ್ಲದ್ದು ನನ್ನ ಮತ್ತು ನಮ್ಮ ಯಜಮಾನರ ಹೆಸರು ಮಾತ್ರ. ನಾನು ಲಗ್ನಕ್ಕೆ ಹೋದೆ, ಅಕ್ಷತೆ ಹಾಕಿದೆ, ಊಟಕ್ಕೆ ಕೂರದೆ ಎದ್ದು ಬಂದೆ. ಬಸ್ಸು ಹತ್ತಿದ ಕೂಡಲೇ ಶೀಲಾಳ ನಂಬರ್ ಬ್ಲಾಕ್ ಮಾಡಿ, ಅವಳು ಕಳಿಸಿದ ಮೆಸೇಜುಗಳನ್ನೆಲ್ಲ ಅಳಿಸಿಹಾಕಿದೆ. ಪತ್ರಿಕೆಯನ್ನು ಮಾತ್ರ ಟ್ರಂಕಿನಲ್ಲಿ ಸಾಕ್ಷಿಗೆಂದು ಇಟ್ಟುಕೊಂಡೆ.

ಸಂಕ್ರಾಂತಿಗೆ ಕಿರಿಯರು ಹಿರಿಯರ ಮನೆಗೆ ಬಂದು ಎಳ್ಳು ಕೊಟ್ಟು ಕಾಲು ಮುಟ್ಟಬೇಕು. ಹಿರಿಯಳು ನಾನು. ನಾಲ್ಕು ಸಂಕ್ರಾಂತಿ ಬಾಗಿಲು ತೆರೆದಿಟ್ಟು, ತಟ್ಟೆಯಲ್ಲಿ ಕುಸುರೆಳ್ಳು ಇಟ್ಟು ಕಾದೆ. ಅವಳು ಬರಲಿಲ್ಲ. ಪ್ರತಿ ವರ್ಷ ಹಬ್ಬದ ಮರುದಿನ, ಕರಿ ದಿನ ಬೆಳಿಗ್ಗೆ ಆ ತಟ್ಟೆಯನ್ನು ಎತ್ತಿಡುವಾಗ ನನ್ನ ಎದೆಯಲ್ಲಿ ಏನು ಆಗುತ್ತಿತ್ತೋ ನನಗೇ ಗೊತ್ತು. ಈ ಸಲ ಮಿಕ್ಸರಿನ ನೆಪ ಸಿಕ್ಕಿತು. ಸಂಧಾನಕ್ಕೆ ಹೋದಳು ಎಂದು ಯಾರೂ ಅನ್ನುವಂತಿಲ್ಲ, ಸ್ಪರ್ಧೆಗೆ ಹೋದಳು ಅನ್ನಬೇಕು. ನನ್ನ ದೊಡ್ಡಸ್ತಿಕೆಗೆ ಅಷ್ಟು ಸಾಕಾಗಿತ್ತು.

ಕುಸುರೆಳ್ಳು ಮಾಡಲು ನಿಜವಾಗಿ ನಾಲ್ಕು ಕೈ ಬೇಕು. ಒಬ್ಬರು ಚಮಚದಿಂದ ಸಕ್ಕರೆ ಪಾಕ ಹನಿಹನಿಯಾಗಿ ಬಿಡಬೇಕು, ಇನ್ನೊಬ್ಬರು ಬಿಸಿ ತಾಟಿನಲ್ಲಿ ಎಳ್ಳನ್ನು ಬೆರಳಿನಿಂದ ಆಡಿಸುತ್ತಲೇ ಇರಬೇಕು. ನಸುಕಿನ ಚಳಿಯಲ್ಲಿ ಕಾಳಿನ ಮೈಮೇಲೆ ಮುಳ್ಳು ಏಳುತ್ತವೆ. ಬಿಸಿಲೇರಿದರೆ ಕಾಳು ಬೋಳು. ಅಗಡಿಯ ನಮ್ಮ ತವರಿನಲ್ಲಿ ಶೀಲಾ ಪಾಕ ಬಿಡುತ್ತಿದ್ದಳು, ನಾನು ಬೆರಳು ಆಡಿಸುತ್ತಿದ್ದೆ. ಬೆರಳು ಸುಟ್ಟರೆ ಅವಳೇ ಊದುತ್ತಿದ್ದಳು. ಈಗ ಒಂದು ಕೈಯಲ್ಲಿ ಚಮಚ, ಒಂದು ಕೈಯಲ್ಲಿ ಎಳ್ಳು ಹಿಡಿದು ಮೂರು ನಸುಕು ಒದ್ದಾಡಿದೆ. ಮುಳ್ಳು ಅಲ್ಲೊಂದು ಇಲ್ಲೊಂದು ಬಂತು.

ಕಾರ್ಡಿಗೆ ದಪ್ಪ ಕಾಗದ ಬೇಕಿತ್ತು. ಟ್ರಂಕಿನಲ್ಲಿದ್ದ ಹಳೆಯ ಲಗ್ನಪತ್ರಿಕೆಗಳನ್ನು ತೆಗೆದೆ. ಶೀಲಾಳ ಮಗಳದು ಮೇಲೇ ಇತ್ತು, ಒಳ್ಳೆ ಕಾಗದ. ಕತ್ತರಿ ಹಿಡಿದವಳು ಸಾಕ್ಷಿ ಕೆಡಿಸಬಾರದೆಂದು ಬದಿಗಿಟ್ಟು, ಬೇರೆಯವರ ಪತ್ರಿಕೆಗಳನ್ನು ಕತ್ತರಿಸಿದೆ. ಮೈದಾ ಕುದಿಸಿ ಅಂಟು ಮಾಡಿದೆ. ಕಾರ್ಡು ತೆರೆದರೆ ಒಂದು ಕಾಗದದ ತಾಟು ಎದ್ದು ನಿಲ್ಲುತ್ತಿತ್ತು. ಎಡಕ್ಕೆ ಚಮಚ ಹಿಡಿದ ಕೈ, ಬಲಕ್ಕೆ ಬೆರಳು ಬಾಗಿಸಿದ ಕೈ. ಬಳೆ ಕತ್ತರಿಸುವಾಗ ಶೀಲಾಳ ಕೈಗೆ ನಾಲ್ಕು ಹಸಿರು ಬಳೆ ಇಟ್ಟೆ. ತಾಟಿನೊಳಗೆ ನಾನು ಮಾಡಿದ ಕುಸುರೆಳ್ಳನ್ನೇ ಒಂದೊಂದಾಗಿ ಅಂಟಿಸಿದೆ. ಹಿಂದೆ ಮಂಡಳದವರು ಕೊಟ್ಟ ಚೀಟಿ: ಸ್ಪರ್ಧಿ ಸಂಖ್ಯೆ ಹದಿನೇಳು, ಸ್ವೀಕರಿಸಿದವರ ಸಹಿ.

ಹಬ್ಬದ ಹಿಂದಿನ ದಿನ ಬ್ಯಾಡಗಿ ಬಸ್ಸು ಹತ್ತಿದೆ. ಕದರಮಂಡಲಗಿ ಬಂದಾಗ ಎಲ್ಲರ ಜೊತೆ ನಾನೂ ಬಸ್ಸಿನೊಳಗಿಂದಲೇ ಆಂಜನೇಯನಿಗೆ ಕೈ ಮುಗಿದು, ಶೀಲಾ ಮಾತಾಡಲಿ ಎಂದು ಬೇಡಿಕೊಂಡೆ. ಮಿಕ್ಸರ್ ನೆನಪಾಗಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಶೀಲಾಳ ಅಂಗಳದ ತುಂಬ ಮೆಣಸಿನಕಾಯಿ ಹರವಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡು ಕಾಯಿಯ ತೊಟ್ಟು ಮುರಿಯುತ್ತಿದ್ದವಳು ನನ್ನನ್ನು ನೋಡಿ ಎದ್ದಳು. ಕಣ್ಣಲ್ಲಿ ನೀರಿತ್ತು, ಘಾಟಿಗೋ ಏನೋ. ಕಾರ್ಡು ಕೈಗೆ ಕೊಟ್ಟೆ. ತೆರೆದಳು. ತಾಟು ಎದ್ದು ನಿಂತಿತು. ಬಳೆಗಳ ಮೇಲೆ ಬೆರಳು ಇಟ್ಟಳು. ಇನ್ನೇನು ಬಾಯಿ ಬಿಡುತ್ತಾಳೆ ಅನ್ನುವಾಗ ಕಾರ್ಡು ತಿರುವಿ ಹಿಂದಿನ ಚೀಟಿ ಓದಿದಳು.

“ಎಲ್ಲಿ ಸಹಿ ಮಾಡಬೇಕ್ರಿ?”

ಒಡಹುಟ್ಟಿದ ಅಕ್ಕನಿಗೆ ‘ರಿ’!

“ಶೀಲಾ, ಅದು ಹಂಗಲ್ಲ...”

“ಸಹಿ ಆದ ಮ್ಯಾಲ ವಾಪಸ್ ಒಯ್ತೀರೋ, ಇಲ್ಲೇ ಬಿಡ್ತೀರೋ?”

“ಪ್ರದರ್ಶನಕ್ಕ... ಒಯ್ಯಬೇಕು” ಎಂದೆ.

ದುಂಡು ಅಕ್ಷರದಲ್ಲಿ ಸಹಿ ಮಾಡಿ ಕಾರ್ಡು ತಿರುಗಿ ಕೊಟ್ಟಳು. “ಚಾ ಕುಡದು ಹೋಗ್ರಿ. ಬಸ್ಸಿಗೆ ಇನ್ನೂ ಹೊತ್ತೈತಿ.” ಚಹಾ ಕುಡಿದೆ. ಅಷ್ಟು ಸಿಹಿ ಹಾಕಿದ್ದರೂ ಒಂದು ಗುಟುಕೂ ರುಚಿಸಲಿಲ್ಲ.

ಹಬ್ಬದ ದಿನ ಮಂಡಳದ ಸಭಾಂಗಣದಲ್ಲಿ ಪ್ರದರ್ಶನ. ತೀರ್ಪಿಗೆ ಹಾವೇರಿಯಿಂದ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಬಂದಿದ್ದರು. ಮೇಜಿನ ಮೇಲೆ ಇಪ್ಪತ್ತಾರು ಕಾರ್ಡುಗಳು, ಅದರಲ್ಲಿ ಇಪ್ಪತ್ತು ಕೈಸರನ ಅಂಗಡಿಯ ಅವಳಿ ಜವಳಿ. ಮೇಷ್ಟ್ರು ಕನ್ನಡಕ ಏರಿಸಿ, “ಏನು ಬಿಳುಪು! ಎಲ್ಲಾ ಕಾಳೂ ಒಂದ ಅಳತಿ ಅದಾವಲ್ಲ! ಈ ಕಲೆ ಇನ್ನೂ ಉಳದೈತಿ ಅಂದರ ಪುಣ್ಯ” ಎಂದು ಥರ್ಮೊಕೋಲಿಗೆ ಕೈ ಮುಗಿದರು. ಒಂದು ಕಾಳು ಬಾಯಿಗೂ ಹಾಕಿಕೊಂಡರು. ಬಹಳ ಹೊತ್ತು ಜಗಿದು, “ಗಟ್ಟಿ ಪಾಕ” ಎಂದರು.

ಹದಿನೇಳನೆಯ ಕಾರ್ಡಿನ ಮುಂದೆ ಬಂದು ಮೇಷ್ಟ್ರು ಹಿಂದೆ ಸರಿದರು. ಗೋಡೆಯ ಬಿರುಕಿನಿಂದ ಹೊರಟ ಕೆಂಪಿರುವೆಗಳ ಸಾಲು ಹದಿನಾರು ಕಾರ್ಡು ದಾಟಿ, ಒಂದನ್ನೂ ಮೂಸದೆ, ನೇರ ನನ್ನ ತಾಟಿಗೆ ಬಂದಿತ್ತು. ಶೀಲಾಳ ಕಾಗದದ ಬಳೆಗಳ ಮೇಲೂ ಇರುವೆ.

“ಸ್ವಚ್ಛತಾ ಇಲ್ಲ” ಎಂದು ಸುಚಿತ್ರಾ ನನ್ನ ಕಾರ್ಡನ್ನು ಸ್ಪರ್ಧೆಯಿಂದ ತೆಗೆದಳು. ಫಕ್ಕೀರವ್ವನ ಹೆಬ್ಬೆಟ್ಟಿದ್ದ ಒಂದು ಕಾರ್ಡಿಗೆ ಮಿಕ್ಸರ್ ಹೋಯಿತು. ವೈರಿಗಳ ಪರವಾಗಿ ಮುಖ್ಯ ಅತಿಥಿಯಾಗಿ ಕೂತಿದ್ದ ಫಕ್ಕೀರವ್ವ ಎದ್ದು ಬಂದು ನನ್ನ ಕಾರ್ಡು ನೋಡಿದಳು. “ಇಷ್ಟರಾಗ ತಿನ್ನೂವಂಥಾದ್ದು ಇದೊಂದ ಐತಿ. ಇಲ್ಲಿ ಯಾಕ ತಂದಿ ಇದನ್ನ? ಯಾರಿಗೆ ಮಾಡೀದಿ ಅವರಿಗೆ ಕೊಡಬಾರದ?”

ಇರುವೆಗಳನ್ನು ಊದಿ, ಹಿಂದಿನ ಚೀಟಿ ಹರಿದು, ಕಾರ್ಡನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ.

ಮರುದಿನ ಕರಿ. ಕರಿ ದಿನ ಒಳ್ಳೆ ಕೆಲಸಕ್ಕೆ ಯಾರೂ ಹೊಸ್ತಿಲು ದಾಟುವುದಿಲ್ಲ. ಯಜಮಾನರು ಬೇಡವೆಂದರು. ನಾನು ಮೊದಲ ಬಸ್ಸಿಗೇ ಹೊರಟೆ.

ಶೀಲಾ ಬಾಗಿಲು ತೆರೆದು ದಂಗಾಗಿ ನಿಂತಳು. “ಅಕ್ಕಾ! ಕರಿ ದಿನ ಬಂದೀಯಲ್ಲ, ಏನಾತು?”

“ಬಹುಮಾನ ಬರಲಿಲ್ಲ. ಸಹಿ ಬ್ಯಾಡ. ಇದು ನಿನಗ ಮಾಡಿದ್ದು, ಇಟ್ಕೋ” ಎಂದು ಕಾರ್ಡು ಚಾಚಿದೆ. ಒಂದು ಕೈಯ ಎರಡು ಬೆರಳು ಹರಿದಿದ್ದವು, ತಾಟಿನಲ್ಲಿ ಏಳೆಂಟು ಕಾಳು ಉಳಿದಿದ್ದವು. ಅವಳು ಒಂದು ಕಾಳು ಕಿತ್ತು ಬಾಯಿಗೆ ಹಾಕಿಕೊಂಡಳು. ಆಮೇಲೆ ಇಬ್ಬರೂ ಅಲ್ಲೇ ಹೊಸ್ತಿಲಲ್ಲಿ ನಿಂತು ಅತ್ತೆವು.

ಕಣ್ಣೊರೆಸಿಕೊಂಡು ನಾನು ಹಿರಿಯಳಾದೆ. “ಆದದ್ದು ಆತು ಬಿಡು. ಹೆಸರು ಹಾಕಿಸದ ತಪ್ಪು ನಾ ಮನಸಿನಾಗ ಇಟ್ಕೊಂಡಿಲ್ಲ.”

ಶೀಲಾ ಒಳಗೆ ಹೋಗಿ ಒಂದು ಹಳೆಯ ಫೋನು ತಂದಳು. “ನಾಲ್ಕು ವರ್ಷದಿಂದ ಇದನ್ನ ಹಂಗ ಇಟ್ಟೇನಿ. ನೋಡು.”

ಲಗ್ನಪತ್ರಿಕೆಯ ಕರಡು ಪ್ರತಿಯ ಚಿತ್ರ, ಅದರಲ್ಲೂ ನಮ್ಮ ಹೆಸರಿರಲಿಲ್ಲ. ಅದರ ಕೆಳಗೆ ಅವಳು ಬರೆದಿದ್ದಳು: ‘ಅಕ್ಕಾ, ಪ್ರೆಸ್ಸಿನವರು ಕಳಿಸ್ಯಾರ. ಯಾರದರ ಹೆಸರು ಬಿಟ್ಟೈತೇನು ನೀನ ನೋಡಿ ಹೇಳು. ನೀ ಹೂಂ ಅಂದ ಮ್ಯಾಲ ಛಾಪಿಸ್ತೇವಿ.’ ಅದರ ಕೆಳಗೆ, ಒಂದೇ ನಿಮಿಷಕ್ಕೆ, ನನ್ನ ಉತ್ತರ: ಮುಗಿದ ಎರಡು ಕೈ, ಒಂದು ಗುಲಾಬಿ, ಒಂದು ಹೆಬ್ಬೆಟ್ಟು.

ನಾನು ತೆರೆದೇ ನೋಡಿರಲಿಲ್ಲ. ದಿನಕ್ಕೆ ಐವತ್ತು ಮಂದಿಗೆ ಒತ್ತುವಂತೆ ಹೆಬ್ಬೆರಳಿನಿಂದ ಒತ್ತಿದ್ದೆ.

“ನೋಡೇ ಹೂಂ ಅಂದಾಳ, ಆಮ್ಯಾಲ ಊಟ ಬಿಟ್ಟು ಹೋಗ್ಯಾಳ ಅಂದರ ಬೇಕಂತನ ಜಗಳ ತಗದಾಳ ಅಂದ್ಕೊಂಡೆ” ಎಂದಳು ಶೀಲಾ. “ಫೋನ್ ಹಚ್ಚಿದರ ಹತ್ತಲಿಲ್ಲ. ನನಗೂ ಸಿಟ್ಟು ಬಂತು.”

ಫಕ್ಕೀರವ್ವ ಹನ್ನೊಂದು ಜನರ ಮುಖವನ್ನಾದರೂ ನೋಡಿ ಒತ್ತಿದ್ದಳು. ತಪ್ಪಾಯಿತು ಎಂದೆ. ಅಷ್ಟು ಸಣ್ಣ ಮಾತು ನಾಲ್ಕು ವರ್ಷಕ್ಕೆ ಎಲ್ಲಿ ಸಾಲುತ್ತದೆ?

ಶೀಲಾ ಒಳಗೆ ಹೋಗಿ ಒಲೆ ಹಚ್ಚಿದಳು, ಸಕ್ಕರೆ ಕರಗಲು ಇಟ್ಟಳು, ತಾಟಿಗೆ ಬೊಗಸೆ ಎಳ್ಳು ಸುರಿದಳು. “ಬಾ, ಕುಂದ್ರು. ನಾ ಪಾಕ ಬಿಡ್ತೇನಿ.”

“ಬಿಸಲೇರೈತಲ್ಲ, ಮುಳ್ಳು ಬರೂದಿಲ್ಲ.”

“ಬರಲಿಲ್ಲಂದರ ಬಿಡು.”

ಅವಳು ಪಾಕ ಬಿಟ್ಟಳು, ನಾನು ಬೆರಳು ಆಡಿಸಿದೆ. ಅಭ್ಯಾಸ ತಪ್ಪಿದ ಕೈ. ತಾಟಿನ ಅಂಚಿಗೆ ತಾಗಿ ಹೆಬ್ಬೆರಳು ಚುರ್ ಎಂದು ಸುಟ್ಟಿತು. ಶೀಲಾ ಚಮಚ ಬಿಟ್ಟು ನನ್ನ ಕೈ ಹಿಡಿದು ಊದಲು ಬಾಗಿದಳು.

“ಊದಬ್ಯಾಡ” ಎಂದೆ. “ನೋಡಲಾರದ ಒತ್ತಿದ ಬೆರಳು ಅದು, ಇನ್ನೊಂದೀಟು ಸುಡಲಿ.”